ಹೋಗಿ ಬರ್ತೀನಿ ಅನ್ನುವ ಜಪಾನ್: ಅಲ್ಲಿನ ಸಿನಿಮಾ, ಟಿವಿ ಡ್ರಾಮಾ ನೋಡಲು ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಜಪಾನಿನಲ್ಲಿ ಮನೆಯಿಂದ ಹೊರಡುವವರು ಬಾಗಿಲಲ್ಲಿ ನಿಂತು ‘ಇತ್ತೆಕಿಮಸ್’ ಅನ್ನುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದು ‘ನಾನು ಹೊರಟೆ’ ಅಂತಷ್ಟೇ ಬರುತ್ತದೆ. ಆ ಮಾತನ್ನು ಬಿಡಿಸಿ ನೋಡಿ. ‘ಇತ್ತೆ’ ಅಂದರೆ ಹೋಗಿ. ‘ಕಿಮಸ್’ ಅಂದರೆ ಬರ್ತೀನಿ. ಹೋಗಿ ಬರ್ತೀನಿ! ಒಳಗಿನಿಂದ ಬರುವ ಉತ್ತರ ‘ಇತ್ತೆರಶ್ಶೈ’, ಅಂದರೆ ಹೋಗಿ ಬನ್ನಿ.

ಇದನ್ನು ನನಗೆ ತೋರಿಸಿಕೊಟ್ಟದ್ದು ನಮ್ಮಮ್ಮ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಇಬ್ಬರೂ ಒಂದು ಜಪಾನಿ ಡ್ರಾಮಾ ನೋಡುವಾಗ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಮೂರನೇ ಸಂಜೆಗೆ ಅಮ್ಮ ಕೇಳಿದರು: ‘ಹೊರಗೆ ಹೋಗೋವಾಗೆಲ್ಲ ಒಂದೇ ಮಾತು ಹೇಳ್ತಾರಲ್ಲ, ಏನದು?’ ಉತ್ತರ ಹುಡುಕಿ ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ‘ಮತ್ತೆ ಹೋಗ್ತೀನಿ ಅಂತ ಯಾರಾದರೂ ಅಂತಾರಾ?’ ಅಂದರು.

ಅವತ್ತಿನಿಂದ ನಾನು ಜಪಾನಿನ ಕತೆಗಳನ್ನು ನೋಡುವ ರೀತಿಯೇ ಬದಲಾಯಿತು. ಸಬ್‌ಟೈಟಲ್ ಓದುತ್ತೇನೆ, ಆದರೆ ಕಿವಿಯನ್ನು ಕನ್ನಡಕ್ಕೆ ಬಿಟ್ಟಿರುತ್ತೇನೆ. ನಮಗೂ ಜಪಾನಿಗೂ ನಡುವೆ ಇಂಗ್ಲಿಷ್ ಒಂದು ಕಿರಿದಾದ ಕಾಲುಸಂಕ. ದಾಟಲು ಅದು ಬೇಕು, ಆದರೆ ಅದರ ಮೇಲೆಯೇ ನಿಂತುಬಿಡಬಾರದು. ಈ ಮಾರ್ಗದರ್ಶಿ ಹೊಸಬರಿಗೂ ಆಗುತ್ತದೆ, ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ನೋಡಿ ಈಗ ಮನುಷ್ಯರ ಕತೆಗಳ ಕಡೆ ಬರುತ್ತಿರುವವರಿಗೂ ಆಗುತ್ತದೆ.

ಮೊದಲು ಟಿವಿಯನ್ನು ಸರಿಮಾಡಿಕೊಳ್ಳಿ

ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನದೆಲ್ಲ ಅರ್ಧ ವ್ಯರ್ಥ.

ಆಡಿಯೋ ಯಾವ ಭಾಷೆಯಲ್ಲಿದೆ ನೋಡಿ. ಎಷ್ಟೋ ಸಲ ಆ್ಯಪ್ ತಾನಾಗಿಯೇ ಇಂಗ್ಲಿಷ್ ಅಥವಾ ಹಿಂದಿ ಡಬ್ಬಿಂಗ್ ಹಾಕಿಬಿಡುತ್ತದೆ. ಜಪಾನಿಗೆ ಬದಲಿಸಿ. ಡಬ್ಬಿಂಗ್‌ನಲ್ಲಿ ನೋಡಿದರೆ ಮಾತಿನ ನಡುವಿನ ಮೌನ ಹೋಗುತ್ತದೆ. ಈ ಕತೆಗಳಲ್ಲಿ ಅರ್ಧ ವಿಷಯ ಆ ಮೌನದಲ್ಲೇ ಇರುತ್ತದೆ.

ಸಬ್‌ಟೈಟಲ್ ಪಟ್ಟಿಯಲ್ಲಿ ಒಮ್ಮೊಮ್ಮೆ ಎರಡು ಇಂಗ್ಲಿಷ್ ಕಾಣುತ್ತವೆ. ‘ಸಿಸಿ’ ಅಂತ ಇರುವುದು ಸಾಮಾನ್ಯವಾಗಿ ಇಂಗ್ಲಿಷ್ ಡಬ್ಬಿಂಗ್‌ಗೆ ಹೊಂದಿಸಿ ಬರೆದದ್ದು. ಬರೀ ‘ಇಂಗ್ಲಿಷ್’ ಅಂತ ಇರುವುದನ್ನು ಆರಿಸಿ. ಅದು ಮೂಲ ಮಾತಿಗೆ ಜಾಸ್ತಿ ಹತ್ತಿರ.

ಟಿವಿಯ ಚಿತ್ರ ಸೆಟ್ಟಿಂಗ್‌ನಲ್ಲಿ ‘ಮೋಷನ್ ಸ್ಮೂದಿಂಗ್’ ಥರದ್ದೇನಾದರೂ ಇದ್ದರೆ ತೆಗೆಯಿರಿ. ಅದು ಸಿನಿಮಾವನ್ನು ಕ್ರಿಕೆಟ್ ನೇರಪ್ರಸಾರದ ಹಾಗೆ ಕಾಣಿಸುತ್ತದೆ. ಹಳೆಯ ಕಪ್ಪುಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದಲ್ಲಿ ಬರುತ್ತವೆ. ಎರಡೂ ಬದಿಗೆ ಕಪ್ಪು ಪಟ್ಟಿ ಇರುತ್ತದೆ. ಅದು ಹಾಗೇ ಇರಲಿ, ಎಳೆದು ಅಗಲ ಮಾಡಬೇಡಿ. ಒಂದು ಟೀ ಪಾತ್ರೆ ಎಲ್ಲಿರಬೇಕು ಅಂತ ಅಳೆದು ಇಟ್ಟ ನಿರ್ದೇಶಕರ ಚಿತ್ರಗಳಿವು.

ಶುರು ಮಾಡುವುದು ಒಂದು ಪುಟ್ಟ ಹೋಟೆಲಿನಿಂದ

ಜಪಾನ್ ಸಿನಿಮಾ ಅಂದ ತಕ್ಷಣ ಎಲ್ಲರೂ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ನೋಡು ಅನ್ನುತ್ತಾರೆ. 1954ರ ಆ ಚಿತ್ರ 207 ನಿಮಿಷ ಇದೆ. ಅದ್ಭುತ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ದಿನಕ್ಕೆ ಅದು ಬೇಡ. ಕಣ್ಣಿಗೂ ಕಿವಿಗೂ ಆ ಲೋಕ ಅಭ್ಯಾಸ ಆಗಬೇಕು.

ನಾನು ಎಲ್ಲರಿಗೂ ಹೇಳುವುದು ‘ಮಿಡ್‌ನೈಟ್ ಡೈನರ್’. ಜಪಾನಿಯಲ್ಲಿ ಇದು ‘ಶಿನ್ಯಾ ಶೊಕುದೊ’, ಅಂದರೆ ನಡುರಾತ್ರಿಯ ಊಟದ ಮನೆ. ಅಬೆ ಯಾರೊ ಅವರ ಮಾಂಗಾ (ಜಪಾನಿ ಕಾಮಿಕ್ಸ್) ಕತೆಗಳನ್ನು ಆಧರಿಸಿ 2009ರಲ್ಲಿ ಟಿವಿಗೆ ಬಂತು. 2016 ಮತ್ತು 2019ರಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಹತ್ತು ಹತ್ತು ಕಂತು ಮಾಡಿದರು. ಒಂದೊಂದು ಕಂತು ಅರ್ಧ ಗಂಟೆಯೂ ಇಲ್ಲ.

ಟೋಕಿಯೊದ ಶಿಂಜುಕು ಪ್ರದೇಶದ ಒಂದು ಗಲ್ಲಿ. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಏಳರ ತನಕ ತೆರೆದಿರುವ ಸಣ್ಣ ಅಂಗಡಿ. ಮೆನುವಿನಲ್ಲಿ ಒಂದು ಸೂಪಿನ ಊಟ ಮತ್ತು ಮೂರು ಬಗೆಯ ಮದ್ಯ, ಅಷ್ಟೇ. ಆದರೆ ಸಾಮಾನು ಇದ್ದರೆ ಯಾರು ಏನು ಕೇಳಿದರೂ ಮಾಡಿಕೊಡುತ್ತಾನೆ ಮಾಲೀಕ. ಅವನನ್ನು ಎಲ್ಲರೂ ‘ಮಾಸ್ಟರ್’ ಅಂತಲೇ ಕರೆಯುತ್ತಾರೆ. ಕಣ್ಣಿನ ಮೇಲೆ ಹಾದುಹೋದ ಗಾಯದ ಗುರುತಿದೆ. ಕೊಬಯಾಶಿ ಕಾವೊರು ಆ ಪಾತ್ರ ಮಾಡಿದ್ದಾರೆ. ಪ್ರತಿ ಕಂತಿಗೂ ಒಂದು ತಿಂಡಿಯ ಹೆಸರು, ಆ ತಿಂಡಿಗೆ ಅಂಟಿಕೊಂಡ ಒಬ್ಬ ಮನುಷ್ಯನ ಕತೆ.

ಇದನ್ನೇ ಯಾಕೆ ಮೊದಲು ನೋಡಬೇಕು? ಕತೆ ಗೊತ್ತಾಗದಿದ್ದರೂ ಊಟ ಗೊತ್ತಾಗುತ್ತದೆ. ಒಂದೇ ಜಾಗ, ಅವೇ ಮುಖಗಳು, ದಿನಾ ಕೇಳುವ ಮಾತುಗಳು. ವಾರಕ್ಕೆ ಎರಡೋ ಮೂರೋ ಕಂತು ಸಾಕು. ಒಂದೇ ರಾತ್ರಿ ಹತ್ತೂ ಮುಗಿಸಬೇಡಿ, ರುಚಿ ನಾಲಿಗೆಯಲ್ಲಿ ನಿಲ್ಲುವುದಿಲ್ಲ. ಮಾಂಸ, ಮೀನು ತಿನ್ನದ ಮನೆಯಲ್ಲೂ ಇದನ್ನು ಧಾರಾಳವಾಗಿ ನೋಡಬಹುದು. ನಮ್ಮಮ್ಮನೇ ನೋಡಿದರಲ್ಲ.

ಇಂಗ್ಲಿಷ್ ಬಾರದ ಹಿರಿಯರ ಜೊತೆ ನೋಡುವವರಿಗೆ ಒಂದು ಮಾತು. ಕನ್ನಡ ಸಬ್‌ಟೈಟಲ್ ಸಿಗುವುದು ತುಂಬ ಕಡಿಮೆ. ಸಾಲು ಸಾಲಾಗಿ ಅನುವಾದ ಮಾಡಲು ಹೋಗಬೇಡಿ, ಇಬ್ಬರಿಗೂ ಸುಸ್ತಾಗುತ್ತದೆ. ದೃಶ್ಯ ಮುಗಿದ ಮೇಲೆ ನಿಲ್ಲಿಸಿ, ನಾಲ್ಕು ಮಾತಿನಲ್ಲಿ ಹೇಳಿ, ಮುಂದೆ ಹೋಗಿ. ಆ ನಾಲ್ಕು ಮಾತನ್ನು ಹುಡುಕುವಾಗ ನಿಮಗೇ ಕತೆ ಚೆನ್ನಾಗಿ ಅರ್ಥವಾಗುತ್ತದೆ.

ಕನ್ನಡದ ಕಿವಿ ತೆರೆಯುವುದು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

‘ಕಾರೆ ವಾ ರೈನೆನ್ ಕೆಕ್ಕೊನ್ ಸುರು ತೊ ಇತ್ತಾ.’ ಇದೊಂದು ಸಾದಾ ಜಪಾನಿ ವಾಕ್ಯ. ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ: ಅವನು, ಮುಂದಿನ ವರ್ಷ, ಮದುವೆ, ಆಗ್ತೀನಿ, ಅಂತ, ಹೇಳಿದ. ಒಂದು ಪದವನ್ನೂ ಆಚೆ ಈಚೆ ಮಾಡಬೇಕಾಗಿಲ್ಲ. ಇಂಗ್ಲಿಷಿನಲ್ಲಾದರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ. ನಮ್ಮ ಹಾಗೆ ಜಪಾನಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ಪಾತ್ರ ಮಾತು ಮುಗಿಸುವ ಮೊದಲೇ ಸಬ್‌ಟೈಟಲ್ ಗುಟ್ಟು ಬಿಟ್ಟುಕೊಡುತ್ತದೆ. ಕೊನೆಯ ಪದದ ತನಕ ನಟನ ಮುಖ ನೋಡಿ. ‘ಬರ್ತೀನಿ’ ಅನ್ನುತ್ತಾನೋ ‘ಬರಲ್ಲ’ ಅನ್ನುತ್ತಾನೋ ಅಂತ ಕಾಯುವ ಆ ಅರ್ಧ ಕ್ಷಣದಲ್ಲೇ ಅಭಿನಯ ಇರುತ್ತದೆ.

ಇನ್ನೂ ಇದೆ. ‘ತಬೆತೆ’ ಅಂದರೆ ತಿಂದು. ‘ಮಿರು’ ಅಂದರೆ ನೋಡು. ‘ತಬೆತೆ ಮಿರು’ ಅಂದರೆ ತಿಂದು ನೋಡುವುದು. ನಾವು ಹೇಗೆ ರುಚಿಯನ್ನೂ ‘ನೋಡುತ್ತೇವೋ’ ಅವರೂ ಹಾಗೇ. ‘ವಸುರೆತಾ’ ಅಂದರೆ ಮರೆತೆ, ‘ವಸುರೆತೆ ಶಿಮತ್ತಾ’ ಅಂದರೆ ಮರೆತುಬಿಟ್ಟೆ. ಆ ‘ಬಿಟ್ಟೆ’ಯಲ್ಲಿರುವ ‘ಅಯ್ಯೋ’ ಇಂಗ್ಲಿಷ್ ಸಾಲಿಗೆ ಬರುವುದೇ ಇಲ್ಲ. ವಾಕ್ಯದ ಕೊನೆಯಲ್ಲಿ ಬರುವ ‘ನೆ’ ಹೆಚ್ಚಿನ ಸಲ ನಮ್ಮ ‘ಅಲ್ವಾ’. ಎದೆ ‘ದೊಕಿ ದೊಕಿ’ ಅಂದರೆ ಢವಢವ. ನಕ್ಷತ್ರ ‘ಕಿರ ಕಿರ’ ಅಂದರೆ ಮಿಣಮಿಣ. ಇಂಥ ಜೋಡಿಪದಗಳು ಅವರಲ್ಲೂ ರಾಶಿ ರಾಶಿ.

ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವುದನ್ನು ತಪ್ಪದೆ ಕೇಳಿಸಿಕೊಳ್ಳಿ. ಅಲ್ಲಿಯೂ ತಮ್ಮ ತಂಗಿಯರು ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ‘ಒನೀಸಾನ್’ ಅಂದರೆ ಅಣ್ಣ, ‘ಒನೇಸಾನ್’ ಅಂದರೆ ಅಕ್ಕ. ಚಿಕ್ಕವರನ್ನು ಮಾತ್ರ ಹೆಸರಿನಿಂದ ಕರೆಯುತ್ತಾರೆ. ಸಬ್‌ಟೈಟಲ್ ಬರೆಯುವವರು ಅಣ್ಣ, ಅಕ್ಕ ಇದ್ದಲ್ಲೆಲ್ಲ ಹೆಸರು ಹಾಕಿಬಿಡುತ್ತಾರೆ. ಮಕ್ಕಳಾದ ಮೇಲೆ ಎಷ್ಟೋ ಗಂಡ ಹೆಂಡತಿ ಒಬ್ಬರನ್ನೊಬ್ಬರು ‘ಅಪ್ಪ’, ‘ಅಮ್ಮ’ ಅಂತಲೇ ಕರೆದುಕೊಳ್ಳುತ್ತಾರೆ. ಅಪರಿಚಿತರು ‘ಒಜಿಸಾನ್’, ‘ಒಬಾಸಾನ್’. ನಮ್ಮಲ್ಲಿ ಅಂಕಲ್, ಆಂಟಿ ಅನ್ನುವ ಹಾಗೆ. ಇನ್ನೂ ವಯಸ್ಸಾಗದ ಹೆಂಗಸಿಗೆ ‘ಒಬಾಸಾನ್’ ಅಂದಾಗ ಅವಳ ಮುಖ ಯಾಕೆ ಸಣ್ಣದಾಯಿತು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಪ್ರೇಮಕತೆಗಳಲ್ಲಿ ಇದು ಇನ್ನೂ ಮುಖ್ಯ. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಆಫೀಸಿನಲ್ಲಿ, ಕಾಲೇಜಿನಲ್ಲಿ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುತ್ತಾರೆ. ಎಂಟು ಕಂತು ‘ಮೊರಿಯಾಮಾ ಸಾನ್’ ಅಂತಿದ್ದವನು ಒಂದು ದಿನ ಬಾಯಿ ತಪ್ಪಿ ಅವಳ ಸ್ವಂತ ಹೆಸರು ಹೇಳಿದರೆ, ಅದು ದೊಡ್ಡ ಘಟನೆ. ನಮ್ಮಲ್ಲಿ ‘ನೀವು’ ಹೋಗಿ ‘ನೀನು’ ಬಂದ ಹಾಗೆ. ಮೊದಲಿನಿಂದಲೂ ಇಟ್ಟ ಹೆಸರನ್ನೇ ಹಾಕುತ್ತ ಬಂದ ಸಬ್‌ಟೈಟಲ್‌ನಲ್ಲಿ ಆ ಘಟನೆ ನಡೆಯುವುದೇ ಇಲ್ಲ. ಕಿವಿಯಲ್ಲಿ ಮಾತ್ರ ನಡೆಯುತ್ತದೆ.

ಇನ್ನು ‘ಇಲ್ಲ’ ಅನ್ನುವುದು. ನೇರವಾಗಿ ಇಲ್ಲ ಅನ್ನುವವರು ಕಡಿಮೆ. ‘ಚೊತ್ತೊ…’ ಅಂತ ಎಳೆದು ನಿಲ್ಲಿಸುತ್ತಾರೆ. ‘ಸ್ವಲ್ಪ…’ ಅಂತ ಅದರ ಅರ್ಥ. ಮದುವೆಗೆ ಕರೆದಾಗ ನಾವು ‘ನೋಡೋಣ’ ಅನ್ನುವುದಿಲ್ಲವೇ, ಹಾಗೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುವ ದೊಡ್ಡ ಮಾತು ‘ಐಶಿತೆರು’ ಕೂಡ ಅಪರೂಪ. ‘ಸುಕಿ’, ಅಂದರೆ ಇಷ್ಟ, ಅಂತ ಹೇಳಿದರೆ ಸಾಕು.

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಕಂತಿಗೆ ಮೂರು ಪದ ಬರೆದರೆ ಆಯಿತು. ಕನ್ನಡ ಲಿಪಿಯಲ್ಲೇ ಬರೆಯಿರಿ, ಚೆನ್ನಾಗಿ ಕೂರುತ್ತದೆ. ಮನೆಗೆ ಬಂದವರು ಹೇಳುವ ‘ತದೈಮಾ’, ಒಳಗಿನವರು ಹೇಳುವ ‘ಒಕಯೆರಿ’, ಊಟಕ್ಕೆ ಮೊದಲು ‘ಇತದಕಿಮಸ್’, ಕೆಲಸ ಮುಗಿದಾಗ ‘ಒತ್ಸುಕರೆಸಮಾ’. ‘ಯೊರೊಶಿಕು ಒನೆಗೈಶಿಮಸ್’ ಅನ್ನುವುದನ್ನು ಇಂಗ್ಲಿಷಿಗೆ ಹತ್ತು ಥರ ಅನುವಾದ ಮಾಡುತ್ತಾರೆ. ‘ಸ್ವಲ್ಪ ನೋಡ್ಕೊಳ್ಳಿ’ ಅಂದರೆ ಬಹಳ ಕಡೆ ಸರಿಹೋಗುತ್ತದೆ. ಒಂದು ತಿಂಗಳಲ್ಲಿ ಸಬ್‌ಟೈಟಲ್ ಕಡೆ ಕಣ್ಣು ಹೋಗುವುದು ತಾನಾಗಿ ಕಡಿಮೆಯಾಗುತ್ತದೆ.

ಕಣ್ಣಿಗೂ ಕೆಲಸ ಕೊಡಿ

ಬಾಗಿಲಲ್ಲಿ ಚಪ್ಪಲಿ ಬಿಡುವ ತಗ್ಗು ಜಾಗ ‘ಗೆಂಕಾನ್’. ಅಲ್ಲಿ ಎಷ್ಟು ಜೊತೆ ಶೂ ಇವೆ ನೋಡಿದರೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುತ್ತದೆ. ಪಾತ್ರಗಳೂ ಅದನ್ನೇ ಮೊದಲು ನೋಡುತ್ತವೆ.

ಕೋಣೆಯ ಮೂಲೆಯಲ್ಲಿ ಮರದ ಪುಟ್ಟ ಬೀರು ಥರ ಒಂದಿದ್ದರೆ ಅದು ‘ಬುತ್ಸುದಾನ್’, ಮನೆಯ ಹಿರಿಯರಿಗೆ ಕೈಮುಗಿಯುವ ಜಾಗ. ಒಂದು ಫೋಟೋ, ಊದುಬತ್ತಿ, ಟಿಣ್ ಅನ್ನುವ ಪುಟ್ಟ ಬಟ್ಟಲುಗಂಟೆ. ಫೋಟೋದಲ್ಲಿ ಯಾರಿದ್ದಾರೆ ನೋಡಿಕೊಳ್ಳಿ. ಈ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆ ಅಂತ ಎಷ್ಟೋ ನಿರ್ದೇಶಕರು ಬಾಯಿಬಿಟ್ಟು ಹೇಳುವುದಿಲ್ಲ. ಆ ಫೋಟೋ ತೋರಿಸಿ ಸುಮ್ಮನಾಗುತ್ತಾರೆ.

ಋತುಗಳನ್ನೂ ಓದಬೇಕು. ಅಲ್ಲಿ ಶಾಲೆಯ ವರ್ಷ ಮಾರ್ಚಿಗೆ ಮುಗಿದು ಏಪ್ರಿಲಿಗೆ ಶುರುವಾಗುತ್ತದೆ. ಸಕುರಾ ಹೂ ಅರಳುವುದೂ ಅದೇ ಹೊತ್ತಿಗೆ. ಹಾಗಾಗಿ ಸಕುರಾ ಕಂಡರೆ ಬರೀ ಚೆಂದ ಅಲ್ಲ, ಯಾರೋ ಊರು ಬಿಡುತ್ತಿದ್ದಾರೆ ಅಥವಾ ಯಾರೋ ಹೊಸದಾಗಿ ಬರುತ್ತಿದ್ದಾರೆ ಅಂತ. ಜೀರುಂಡೆಯ ಸದ್ದು ಕೇಳಿದರೆ ಬೇಸಿಗೆಯ ಸೆಕೆ. ಆಗಸ್ಟಿನಲ್ಲಿ ‘ಒಬೊನ್’ ಹಬ್ಬ, ತೀರಿಕೊಂಡವರು ಮನೆಗೆ ಬಂದು ಹೋಗುವ ದಿನಗಳು. ನಮ್ಮ ಪಿತೃಪಕ್ಷ ಬಲ್ಲವರಿಗೆ ಆ ಭಾವ ಹೊಸದಲ್ಲ.

ಟಿವಿ ಡ್ರಾಮಾದ ಲೆಕ್ಕಾಚಾರ

ಜಪಾನಿನ ಟಿವಿ ಕತೆಗಳು ನಮ್ಮ ಧಾರಾವಾಹಿಯ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ. ಹೆಚ್ಚಿನವು ಮೂರು ತಿಂಗಳಿಗೆ ಮುಗಿಯುತ್ತವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೊಸ ಕತೆ ಶುರುವಾಗುವ ತಿಂಗಳುಗಳು. ವಾರಕ್ಕೆ ಒಂದು ಕಂತು, ಮುಕ್ಕಾಲು ಗಂಟೆ, ಒಟ್ಟು ಒಂಬತ್ತರಿಂದ ಹನ್ನೊಂದು. ಅಂದರೆ ಇಡೀ ಕತೆ ಏಳೆಂಟು ಗಂಟೆ. ಎರಡನೇ ಸೀಸನ್ ಬರುತ್ತದೆ ಅಂತ ಕಾಯಬೇಡಿ, ಹೆಚ್ಚಿನವಕ್ಕೆ ಬರುವುದಿಲ್ಲ. ಕತೆ ಮುಗಿಯಬೇಕಾದಲ್ಲಿ ಮುಗಿಯುತ್ತದೆ.

ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯದು ಬೇರೆ ದಾರಿ. ಬೆಳಗಿನ ‘ಅಸಾದೊರಾ’ 1961ರಿಂದ ನಡೆಯುತ್ತಿದೆ. ದಿನಕ್ಕೆ 15 ನಿಮಿಷ, ಸಾಮಾನ್ಯವಾಗಿ ಅರ್ಧ ವರ್ಷ. ಹೆಚ್ಚಾಗಿ ಒಬ್ಬ ಹೆಣ್ಣುಮಗಳ ಬದುಕು. 1983ರ ‘ಒಶಿನ್’ ಇದೇ ಸಾಲಿನದು. ಅದು ಒಂದು ವರ್ಷ ನಡೆದು 297 ಕಂತು ಆಯಿತು. ಜಪಾನಿನಲ್ಲಿ ಸರಾಸರಿ ವೀಕ್ಷಣೆ 52.6 ಶೇಕಡಾ! 2013ರ ‘ಅಮಾಚಾನ್’ ನನ್ನ ಮೆಚ್ಚಿನದು. ಇವಾತೆ ಪ್ರಾಂತ್ಯದ ಕಡಲತೀರ, ಸಮುದ್ರಕ್ಕೆ ಮುಳುಗಿ ಚಿಪ್ಪುಜೀವಿ ಹೆಕ್ಕುವ ಹೆಂಗಸರು, ಟೋಕಿಯೊದಿಂದ ಬಂದ ಒಬ್ಬ ಹುಡುಗಿ. ನಗುನಗುತ್ತಾ ಸಾಗುವ ಕತೆ 2011ರ ಭೂಕಂಪದ ದಿನವನ್ನು ಮುಟ್ಟುತ್ತದೆ. ಆ ಹೊತ್ತಿಗೆ ಆ ಊರು ನಿಮ್ಮದೂ ಆಗಿರುತ್ತದೆ. ಭಾನುವಾರ ರಾತ್ರಿಯ ‘ತೈಗಾ’ ಇತಿಹಾಸದ ಕತೆ. 1963ರಲ್ಲಿ ಶುರುವಾಯಿತು, ಸಾಮಾನ್ಯವಾಗಿ ವರ್ಷಕ್ಕೊಂದು. ಜಪಾನಿನ ಇತಿಹಾಸ ಸ್ವಲ್ಪ ಗೊತ್ತಾದ ಮೇಲೆ ಅದಕ್ಕೆ ಕೈಹಾಕಿ.

ಮೊದಲ ಪೂರ್ತಿ ಡ್ರಾಮಾ ಯಾವುದು? ಆಫೀಸಿನಲ್ಲಿ ಕೆಲಸ ಮಾಡುವವರಿಗೆ ‘ಹನ್‌ಜಾವಾ ನಾವೊಕಿ’. ಬ್ಯಾಂಕಿನ ಸಾಲ, ಮೇಲಧಿಕಾರಿ ತನ್ನ ತಪ್ಪನ್ನು ಕೆಳಗಿನವನ ತಲೆಗೆ ಕಟ್ಟುವುದು, ಅವನು ತಿರುಗಿ ನಿಲ್ಲುವುದು. 2013ರಲ್ಲಿ ಇದರ ಕೊನೆಯ ಕಂತಿಗೆ ಟೋಕಿಯೊ ಸುತ್ತಲಿನ ಪ್ರದೇಶದಲ್ಲಿ 42.2 ಶೇಕಡಾ ವೀಕ್ಷಣೆ ಬಂತು. ತನಿಖೆಯ ಕತೆ ಇಷ್ಟ ಇರುವವರಿಗೆ 2018ರ ‘ಅನ್‌ನ್ಯಾಚುರಲ್’. ಸಾವಿನ ಕಾರಣ ಹುಡುಕುವ ಒಂದು ಪ್ರಯೋಗಾಲಯ, ಹತ್ತೇ ಕಂತು. ಕತೆಯ ಗಂಟು ಬಿಚ್ಚುವ ಹೊತ್ತಿಗೆ ಯೊನೆಜು ಕೆನ್‌ಶಿಯ ‘ಲೆಮನ್’ ಹಾಡು ಮೆಲ್ಲನೆ ಶುರುವಾಗುತ್ತದೆ. ಜಪಾನಿ ಡ್ರಾಮಾದಲ್ಲಿ ಹಾಡಿನ ಕೆಲಸವೇ ಅದು. ‘ಇಂಟ್ರೊ ಬಿಟ್ಟುಬಿಡಿ’ ಅನ್ನುವ ಗುಂಡಿ ಒತ್ತಬೇಡಿ. ಕೊನೆಯ ಹಾಡು ಮುಗಿಯುವ ತನಕ ಆ್ಯಪ್ ಮುಂದಿನ ಕಂತಿಗೆ ಹಾರದ ಹಾಗೆ ನೋಡಿಕೊಳ್ಳಿ.

ನಟರನ್ನಲ್ಲ, ಬರೆದವರನ್ನು ಹಿಂಬಾಲಿಸಿ

ಮೂರು ನಾಲ್ಕು ಡ್ರಾಮಾ ಆದ ಮೇಲೆ ಮುಂದೇನು ಅನ್ನುವ ಪ್ರಶ್ನೆ ಬರುತ್ತದೆ. ಹೆಚ್ಚಿನವರು ನಟ ನಟಿಯ ಹೆಸರು ಹಿಡಿದು ಹೋಗುತ್ತಾರೆ. ತಪ್ಪಿಲ್ಲ. ಆದರೆ ಜಪಾನಿನ ಡ್ರಾಮಾ ಪ್ರಿಯರು ಚಿತ್ರಕತೆ ಬರೆದವರ ಹೆಸರನ್ನೂ ನೋಡುತ್ತಾರೆ. ಅಲ್ಲಿ ಇಡೀ ಸರಣಿಯನ್ನು ಒಬ್ಬರೇ ಬರೆಯುವುದು ರೂಢಿ. ಹಾಗಾಗಿ ಬರೆದವರ ದನಿ ಕೊನೆಯ ತನಕ ಒಂದೇ ಇರುತ್ತದೆ.

ಸಕಮೊಟೊ ಯೂಜಿ ಅವರನ್ನೇ ತೆಗೆದುಕೊಳ್ಳಿ. 1991ರ ‘ಟೋಕಿಯೊ ಲವ್ ಸ್ಟೋರಿ’ಯನ್ನು ಇಪ್ಪತ್ತರ ಹರೆಯದಲ್ಲಿ ಬರೆದವರು. 2023ರಲ್ಲಿ ‘ಮಾನ್‌ಸ್ಟರ್’ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕತೆ ಪ್ರಶಸ್ತಿ ಪಡೆದರು. ನಡುವೆ 2017ರಲ್ಲಿ ಬಂದದ್ದು ‘ಕ್ವಾರ್ಟೆಟ್’. ಚಳಿಗಾಲದ ಕರುಯಿಜಾವಾ ಗುಡ್ಡ, ಒಂದು ಬಂಗಲೆ, ತಂತಿವಾದ್ಯ ನುಡಿಸುವ ನಾಲ್ವರು. ಮೊದಲ ಕಂತಿನಲ್ಲೇ ಊಟದ ಮೇಜಿನ ಮೇಲೆ ಒಂದು ತಟ್ಟೆ ಕರಿದ ಕೋಳಿ. ಇಬ್ಬರು ಯಾರನ್ನೂ ಕೇಳದೆ ಅದರ ಮೇಲೆಲ್ಲ ನಿಂಬೆಹಣ್ಣು ಹಿಂಡಿಬಿಡುತ್ತಾರೆ. ಮೂರನೆಯವನಿಗೆ ಸಿಟ್ಟು. ಹಿಂಡಿದ ಮೇಲೆ ಮತ್ತೆ ಮೊದಲಿನ ಹಾಗೆ ಮಾಡಲು ಆಗುತ್ತಾ ಅಂತ ವಾದಕ್ಕೆ ನಿಲ್ಲುತ್ತಾನೆ. ನಮ್ಮನ್ನು ಕೇಳದೆ ಅನ್ನದ ಮೇಲೆ ಯಾರೋ ಮೊಸರು ಸುರಿದ ಹಾಗೆ! ನಗು ಬರುತ್ತದೆ. ಆದರೆ ಆ ನಿಂಬೆಹಣ್ಣು ಅಲ್ಲಿಗೇ ಬಿಡುವುದಿಲ್ಲ. ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬಳ ಮದುವೆಯ ಕತೆಗೂ ಅದು ಹೋಗಿ ತಾಗುತ್ತದೆ. ಸಣ್ಣ ವಿಷಯವನ್ನು ಇಷ್ಟು ದೂರ ಒಯ್ಯುವವರ ಹೆಸರು ನೆನಪಿಟ್ಟುಕೊಳ್ಳಬೇಕು, ಅಲ್ವಾ?

ನೊಗಿ ಅಕಿಕೊ ಇನ್ನೊಬ್ಬರು. ‘ಅನ್‌ನ್ಯಾಚುರಲ್’ ಅವರದೇ. 2020ರ ‘ಮಿಯು 404’, 2024ರ ‘ಲಾಸ್ಟ್ ಮೈಲ್’ ಸಿನಿಮಾ ಕೂಡ ಅವರವೇ, ಮೂರೂ ಒಂದೇ ಲೋಕದ ಕತೆಗಳು. ಅದೇ ಕ್ರಮದಲ್ಲಿ ನೋಡಿ. ಹಳೆಯವರಲ್ಲಿ ಮುಕೊದಾ ಕುನಿಕೊ. ಅಪ್ಪನಿಗೆ ಇನ್ನೊಂದು ಸಂಸಾರ ಇದೆ ಅಂತ ನಾಲ್ವರು ಅಕ್ಕತಂಗಿಯರಿಗೆ ಗೊತ್ತಾಗುವ ಕತೆಯನ್ನು 1979ರಲ್ಲಿ ಎನ್‌ಎಚ್‌ಕೆಗೆ ಬರೆದರು. ಎರಡು ವರ್ಷಕ್ಕೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ಕತೆಯನ್ನು ನಿರ್ದೇಶಕ ಕೊರೆಎಡಾ ಹಿರೊಕಾಜು 2025ರಲ್ಲಿ ‘ಅಸುರಾ’ ಹೆಸರಿನಲ್ಲಿ ಮತ್ತೆ ಮಾಡಿದ್ದಾರೆ.

ಸಿನಿಮಾಗಳಲ್ಲಿ ಇವತ್ತಿನಿಂದ ಹಿಂದಕ್ಕೆ ಹೋಗಿ

ಕೊರೆಎಡಾ ಹೆಸರು ಬಂತಲ್ಲ, ಸಿನಿಮಾಕ್ಕೆ ಅವರೇ ಬಾಗಿಲು. 2018ರ ‘ಶಾಪ್‌ಲಿಫ್ಟರ್ಸ್’ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಗೆದ್ದಿತು. ಆದರೆ ನನ್ನ ಸಲಹೆ 2008ರ ‘ಸ್ಟಿಲ್ ವಾಕಿಂಗ್’. ಜಪಾನಿಯಲ್ಲಿ ಇದರ ಹೆಸರು ‘ಅರುಯಿತೆಮೊ ಅರುಯಿತೆಮೊ’, ಅಂದರೆ ನಡೆದರೂ ನಡೆದರೂ. ನೋಡಿ, ಹೆಸರು ನೇರ ಕನ್ನಡಕ್ಕೆ ಬಂದು ಕೂತಿತು.

ಬೇಸಿಗೆಯ ದಿನ, ಮಗ ಮಗಳು ಸಂಸಾರ ಸಮೇತ ಅಪ್ಪ ಅಮ್ಮನ ಮನೆಗೆ ಬಂದಿದ್ದಾರೆ. ದೊಡ್ಡ ಮಗ ತೀರಿಕೊಂಡ ದಿನ ಅದು. ಹಿಂದೆ ಯಾರದೋ ಹುಡುಗನನ್ನು ನೀರಿನಿಂದ ಉಳಿಸಲು ಹೋಗಿ ಸತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ಜೋಳದ ಕಾಳು ಬಿಡಿಸಿ, ಹಿಟ್ಟಿಗೆ ಹಾಕಿ, ಎಣ್ಣೆಗೆ ಬಿಡುತ್ತಾಳೆ. ಕಾಳು ಪಟಪಟ ಸಿಡಿಯುತ್ತದೆ. ಅಮ್ಮನ ಪಾತ್ರ ಕಿಕಿ ಕಿರಿನ್ ಅವರದು. ಎಲ್ಲರ ತಟ್ಟೆ ನೋಡುವ, ಎಲ್ಲರಿಗೂ ಬಡಿಸುವ ಅದೇ ಅಮ್ಮ ರಾತ್ರಿ ಕೂತು ಹೆಣೆಯುತ್ತಾ, ಬದುಕಿ ಉಳಿದ ಆ ಹುಡುಗನನ್ನು ಪ್ರತಿ ವರ್ಷ ಯಾಕೆ ಕರೆಯುತ್ತೇನೆ ಅಂತ ಹೇಳುತ್ತಾಳೆ. ದನಿ ಏರಿಸುವುದಿಲ್ಲ. ಹೆಣಿಗೆಯ ಕೈ ನಿಲ್ಲುವುದಿಲ್ಲ. ಆ ಒಂದು ದೃಶ್ಯ ನೋಡಿದ ಮೇಲೆ ಜಪಾನ್ ಸಿನಿಮಾ ನಿಧಾನ ಅಂತ ಯಾರೂ ದೂರುವುದಿಲ್ಲ.

ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಡಿ. 1985ರ ‘ಟಂಪೊಪೊ’, ನೂಡಲ್ ಅಂಗಡಿಯ ಖುಷಿಯಾದ ಕತೆ. ಆಮೇಲೆ ಯಮಾದಾ ಯೋಜಿ ಅವರ ‘ತೋರಾಸಾನ್’. ಸೂಟ್‌ಕೇಸ್ ಹಿಡಿದು ಊರೂರು ಅಲೆಯುವ ವ್ಯಾಪಾರಿ, ಶಿಬಮಾತಾದ ತನ್ನ ಮನೆಗೆ ಬಂದು, ಜಗಳ ಮಾಡಿ, ಪ್ರೀತಿಯಲ್ಲಿ ಬಿದ್ದು, ಮತ್ತೆ ಹೊರಟುಹೋಗುತ್ತಾನೆ. 1969ರಿಂದ 1995ರ ತನಕ ಅತ್ಸುಮಿ ಕಿಯೊಶಿ ಅವರು 48 ಚಿತ್ರಗಳಲ್ಲಿ ಇದೇ ಪಾತ್ರ ಮಾಡಿದರು. ಮೊದಲನೆಯದು ನೋಡಿ, ಆಮೇಲೆ ಯಾವುದು ಸಿಕ್ಕರೆ ಅದು.

ಈಗ ಕುರೊಸಾವಾ. 1952ರ ‘ಇಕಿರು’ ಮೊದಲು. ಅರ್ಜಿ ಹಿಡಿದ ಹೆಂಗಸರನ್ನು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಿಸುವ ನಗರಸಭೆಯ ದೃಶ್ಯ ನೋಡಿ, ಸರ್ಕಾರಿ ಕಚೇರಿ ಅಲೆದ ಯಾರಿಗೂ ಸಬ್‌ಟೈಟಲ್ ಬೇಕಾಗುವುದಿಲ್ಲ. 1950ರ ‘ರಾಶೊಮೊನ್’ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದಿತು. ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಆ ಬಗೆ 2014ರ ನಮ್ಮ ‘ಉಳಿದವರು ಕಂಡಂತೆ’ ನೋಡಿದವರಿಗೆ ಪರಿಚಿತ. ‘ಸೆವೆನ್ ಸಮುರಾಯ್’ ನೋಡುವ ದಿನ ಭಾನುವಾರ ಇರಲಿ. ಚಿತ್ರದಲ್ಲೇ ಮಧ್ಯಂತರ ಇದೆ, ಅಲ್ಲಿ ನಿಲ್ಲಿಸಿ ಊಟ ಮಾಡಿ. ಕತ್ತಿಯ ಕತೆಗಳಲ್ಲಿ ಕೊಬಯಾಶಿ ಮಸಾಕಿ ಅವರ 1962ರ ‘ಹರಕಿರಿ’ಯನ್ನು ಬಿಡಬೇಡಿ. ಅದರ ಕತೆಯನ್ನು ಮುಂಚೆ ಎಲ್ಲೂ ಓದಬೇಡಿ.

ಎಲ್ಲಿ ಸಿಗುತ್ತದೆ

ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ, ಮುಬಿ, ರಾಕುಟೆನ್ ವಿಕಿ ಇವುಗಳಲ್ಲಿ ಹುಡುಕಿ. ಪಟ್ಟಿ ಬದಲಾಗುತ್ತಲೇ ಇರುತ್ತದೆ, ಒಂದು ದೇಶದಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಎನ್‌ಎಚ್‌ಕೆ ವರ್ಲ್ಡ್ ಉಚಿತ. ಜಪಾನ್ ಫೌಂಡೇಶನ್ ಆನ್‌ಲೈನ್‌ನಲ್ಲಿ ಉಚಿತವಾಗಿ ಚಿತ್ರ ತೋರಿಸುತ್ತದೆ, ಅವರ ಚಿತ್ರೋತ್ಸವ ಬೆಂಗಳೂರಿಗೂ ಬಂದಿದೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಕ್ರೈಟೀರಿಯನ್ ಚಾನೆಲ್ ಇದೆ, ಹಳೆಯ ಚಿತ್ರಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಇಂಗ್ಲಿಷ್ ಹೆಸರು ಹಾಕಿ ಸಿಗದಿದ್ದರೆ ಮೂಲ ಜಪಾನಿ ಹೆಸರನ್ನು ಹಾಕಿ ನೋಡಿ. ಅದೂ ಆಗದಿದ್ದರೆ ನಟರ ಹೆಸರು ಹಾಕಿ. ಕದ್ದ ಪ್ರತಿಗಳ ಸಬ್‌ಟೈಟಲ್ ಎಷ್ಟೋ ಸಲ ಯಂತ್ರದ ಅನುವಾದ. ಅಣ್ಣನ ಮಾತು ತಮ್ಮನ ಬಾಯಿಗೆ ಬಂದಿರುತ್ತದೆ.

ಕೊನೆಗೆ ಓಜು, ಅದೂ ಎರಡು ಸಲ

ನಿರ್ದೇಶಕ ಓಜು ಯಸುಜಿರೊ ಅವರನ್ನು ಕೊನೆಗೆ ಇಟ್ಟಿದ್ದೇನೆ. ಇಲ್ಲಿಯ ತನಕ ಕಲಿತದ್ದೆಲ್ಲ ಇಲ್ಲಿ ಬೇಕಾಗುತ್ತದೆ. ಕ್ಯಾಮರಾ ನೆಲದಿಂದ ಸ್ವಲ್ಪವೇ ಮೇಲೆ ಇರುತ್ತದೆ, ಅಲ್ಲಾಡುವುದೇ ಅಪರೂಪ. ದೃಶ್ಯಗಳ ನಡುವೆ ಖಾಲಿ ಓಣಿ, ಒಣಗಲು ಹಾಕಿದ ಬಟ್ಟೆ, ಹಾದುಹೋಗುವ ರೈಲು. ಇವು ಕತೆ ಉಸಿರಾಡುವ ಜಾಗಗಳು. ಫೋನನ್ನು ಬೇರೆ ಕೋಣೆಯಲ್ಲಿಡಿ. ವಿಮ್ ವೆಂಡರ್ಸ್ ನಿರ್ದೇಶಿಸಿದ 2023ರ ‘ಪರ್ಫೆಕ್ಟ್ ಡೇಸ್’ ಚಿತ್ರದಲ್ಲಿ ಶೌಚಾಲಯ ಶುಚಿ ಮಾಡುವ ನಾಯಕನ ಹೆಸರು ಹಿರಯಾಮಾ. ಓಜು ಅವರ 1953ರ ‘ಟೋಕಿಯೊ ಸ್ಟೋರಿ’ಯ ಮನೆತನದ ಹೆಸರೂ ಅದೇ. ಎಪ್ಪತ್ತು ವರ್ಷ ಆದರೂ ಆ ಹೆಸರು ಹಾಗೇ ಬರುತ್ತಿದೆ.

‘ಟೋಕಿಯೊ ಸ್ಟೋರಿ’ಯನ್ನು ಒಂದು ಸಲ ನೋಡಿ. ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಕೊನೆ ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೆ ಓದು ನಿಲ್ಲಿಸಿ.

ಒನೊಮಿಚಿ ಊರಿನ ಮನೆ. ಮುದುಕ ಮುದುಕಿ ಮಕ್ಕಳನ್ನು ನೋಡಲು ಟೋಕಿಯೊಗೆ ಹೊರಡುವ ತಯಾರಿಯಲ್ಲಿದ್ದಾರೆ. ಗಾಳಿ ತುಂಬುವ ತಲೆದಿಂಬು ಎಲ್ಲಿ ಅಂತ ಮಾತು ಬರುತ್ತದೆ. ನಿನಗೇ ಕೊಟ್ಟೆನಲ್ಲ ಅನ್ನುತ್ತಾನೆ ಅವನು. ನನ್ನ ಹತ್ತಿರ ಇಲ್ಲ ಅನ್ನುತ್ತಾಳೆ ಅವಳು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ ನಾಲ್ಕು ಮಾತಾಡಿ ಹೋಗುತ್ತಾಳೆ. ಕೊನೆಗೆ ತಲೆದಿಂಬು ಅವನ ಚೀಲದಲ್ಲೇ ಸಿಗುತ್ತದೆ. ಮೊದಲ ಸಲ ನೋಡುವಾಗ ಇದು ಗಮನಕ್ಕೇ ಬರುವುದಿಲ್ಲ. ಕತೆ ಇನ್ನೂ ಶುರುವಾಗಿಲ್ಲ ಅಂತ ಅನಿಸುತ್ತದೆ.

ಎರಡನೇ ಸಲ ನೋಡುವಾಗ ಆ ಜಗಳವನ್ನು ಪೂರ್ತಿ ಕೇಳಿ. ಯಾಕೆಂದರೆ ಚಿತ್ರದ ಕೊನೆಯಲ್ಲಿ ಅದೇ ಕೋಣೆ ಬರುತ್ತದೆ, ಅದೇ ಕಿಟಕಿ. ಪಕ್ಕದ ಮನೆಯಾಕೆ ಮತ್ತೆ ಇಣುಕಿ ಮಾತಾಡಿಸಿ ಹೋಗುತ್ತಾಳೆ. ಅವನು ಬೀಸಣಿಗೆ ಹಿಡಿದು ಕೂತಿದ್ದಾನೆ. ಅವಳು ಕೂತಿದ್ದ ಜಾಗ ಖಾಲಿ ಇದೆ.